ಇದು ಯಾರ ಗುರುತು

“ಇದು ಬೀರು ಅಲ್ಲಲೇ ಖಲಂದರ. ಇದು ಗುರುಸಂಗಪ್ಪನ ವೋಟು.”

ಹಾಳೆಯನ್ನು ಅವನ ಮುಂದಿನ ಮೇಜಿನ ಮೇಲೆ ಒಗೆದೆ. ಫ್ಯಾನಿನ ಗಾಳಿಗೆ ಅದು ಜಾರಿ ನೆಲಕ್ಕೆ ಬಿತ್ತು. ಖಲಂದರ ಬಗ್ಗಿ ಎತ್ತಿಕೊಂಡ, ಅಂಗೈಯಲ್ಲಿ ಧೂಳು ಒರೆಸಿದ, ಮತ್ತೆ ಮೇಜಿನ ಮೇಲೆ ಅಂಚಿಗೆ ಅಂಚು ಕೂಡಿಸಿ ಇಟ್ಟ.

“ಬೀರುನ ಅದು. ಎರಡು ಬಾಗ್ಲ, ನಡುವ ಹಿಡಿಕಿ. ಕಣ್ಣಿಲ್ಲೇನು ನಿನಗ?”

“ನನಗ ಕಣ್ಣು ಅದಾವ. ನಿನಗ ತಲಿ ಇಲ್ಲ.”

ನಾನು ಕೋಗಳಿಯಿಂದ ಬಂದು ಇನ್ನೂ ಅರ್ಧ ತಾಸು ಆಗಿರಲಿಲ್ಲ. ಬಂದವನು ಕೂತಿರಲಿಲ್ಲ, ನೀರು ಕುಡಿದಿರಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗುತ್ತಲೇ ಇದ್ದೆ. ಚಿತ್ರಗಳನ್ನು ಕಳಿಸಲು ನಾಳೆಯೇ ಕಡೆಯ ದಿನ. ಕೆಳಗೆ ಬಸ್ ನಿಲ್ದಾಣದಲ್ಲಿ ಕೊಟ್ಟೂರಿನ ಬಸ್ಸು ಒಂದೇ ಸಮನೆ ಹಾರನ್ ಹೊಡೆಯುತ್ತಿತ್ತು. ಅದಕ್ಕೂ ಒಂದು ಬೈಗುಳ ಹಾಕಿದೆ.

ಆ ಕೋಣೆ ನನ್ನದು. ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಎದುರು, ಗೊಬ್ಬರದ ಅಂಗಡಿಯ ಮೇಲೆ. ಹತ್ತು ವರ್ಷ ಅಲ್ಲಿ ಟೈಪಿಂಗ್ ಕಲಿಸಿದೆ. ಟೈಪ್‌ರೈಟರ್ ಕೇಳುವವರು ಇಲ್ಲವಾದ ಮೇಲೆ ಮೂರು ಹಳೆಯ ಕಂಪ್ಯೂಟರ್ ತಂದಿಟ್ಟೆ. ನಾನು ತಂಬ್ರಹಳ್ಳಿ ಶಾಲೆಯಲ್ಲಿ ಓದಿದವನು. ಇಂಗ್ಲಿಷ್ ಅಕ್ಷರ ನನ್ನ ಬೆರಳಿಗೆ ಗೊತ್ತು, ನಾಲಿಗೆಗೆ ಗೊತ್ತಿಲ್ಲ. ಕಂಪ್ಯೂಟರ್ ಕಲಿಸುವ ಕೆಲಸ ಅಕ್ಕನ ಮಗಳು ಪುಷ್ಪಲತಾಳದು. ಅವಳು ಬಳ್ಳಾರಿಯಲ್ಲಿ ಕಲಿತು ಬಂದವಳು. ಈ ಹುಚ್ಚನ್ನು ನನಗೆ ಹಚ್ಚಿದವಳೂ ಅವಳೇ.

ಹುಚ್ಚು ಯಾವುದೆಂದರೆ, ಬೇರೆ ಬೇರೆ ಊರುಗಳಲ್ಲಿ ಕೂತ ಮೂವತ್ತು ನಲವತ್ತು ಜನ, ಒಬ್ಬರ ಮುಖ ಒಬ್ಬರು ನೋಡದವರು, ಮೇಲ್‌ನಲ್ಲೇ ಜಗಳವಾಡುತ್ತ ಒಂದು ಇಡೀ ಕಂಪ್ಯೂಟರ್ ವ್ಯವಸ್ಥೆಯನ್ನು ಕನ್ನಡಕ್ಕೆ ತರುತ್ತಿದ್ದರು. ಯಾರು ಬೇಕಾದರೂ ಪುಕ್ಕಟೆ ನಕಲು ಮಾಡಿಕೊಳ್ಳಬಹುದು, ಬೇಡವಾದದ್ದನ್ನು ಬಿಚ್ಚಿ ಬೇಕಾದದ್ದನ್ನು ಕೂಡಿಸಬಹುದು. ಯಾರಪ್ಪನ ಸೊತ್ತೂ ಅಲ್ಲ. ಆ ಮಾತು ನನಗೆ ಹಿಡಿಸಿತು. ಪುಷ್ಪಲತಾ ಅವರ ಗುಂಪಿಗೆ ಸೇರಿದಳು, ಅವಳ ಬೆನ್ನಿಗೆ ನಾನೂ ಸೇರಿದೆ. ಅವಳು ಓದಿ ಹೇಳುತ್ತಿದ್ದಳು, ನಾನು ಬೈಯುತ್ತಿದ್ದೆ, ಅದನ್ನು ಸ್ವಲ್ಪ ತೊಳೆದು ಅವಳು ಬರೆದು ಕಳಿಸುತ್ತಿದ್ದಳು.

ಅಕ್ಷರಗಳೆಲ್ಲ ಕನ್ನಡಕ್ಕೆ ಬಂದವು. ಪರದೆಯ ಮೇಲಿನ ಸಣ್ಣ ಚಿತ್ರಗಳು ಮಾತ್ರ ಎಲ್ಲಿಂದಲೋ ಬಂದವೇ ಉಳಿದವು. ನಮ್ಮಲ್ಲಿ ಕಲಿಯಲು ಬರುತ್ತಿದ್ದ ಮಹಿಳಾ ಸಂಘದವರಿಗೆ ಅವನ್ನು ತೋರಿಸಿದೆವು. ಭೂಮಿಯ ಚಿತ್ರ ಕಲ್ಲಂಗಡಿ ಆಯಿತು. ಹುಡುಕುವ ಭೂತಗನ್ನಡಿ ಸೌಟು ಆಯಿತು. ಕಡತದ ಹಳದಿ ಚಿತ್ರ ಮಡಚಿಟ್ಟ ಹಾಸಿಗೆ ಆಯಿತು. ಬೇಡವಾದದ್ದನ್ನು ಎಸೆಯುವ ತಂತಿಯ ಬುಟ್ಟಿಯನ್ನು ನೋಡಿ ಕೆಂಚಕ್ಕ ಎನ್ನುವವಳು, ಕೋಳಿ ಎಲ್ಲಿ ಹೋತು ಎಂದು ಕೇಳಿದಳು. ಗುಂಪಿನವರಿಗೆ ಇದನ್ನು ಬರೆದಾಗ ಅವರು ನಕ್ಕು ಬಿಡಲಿಲ್ಲ. ನೀವೇ ಇಪ್ಪತ್ನಾಲ್ಕು ಚಿತ್ರ ಬರೆಸಿ, ಕಂಪ್ಯೂಟರ್ ಮುಟ್ಟದವರಿಗೆ ತೋರಿಸಿ, ಗುರುತು ಸಿಕ್ಕವನ್ನು ಮಾರ್ಚ್ ಮುಗಿಯುವುದರೊಳಗೆ ಕಳಿಸಿ, ಮುಂದಿನ ಸಿ.ಡಿ.ಯಲ್ಲಿ ಹಾಕುತ್ತೇವೆ ಎಂದರು. ಬರೆದವರ ಹೆಸರನ್ನೂ ಹಾಕುತ್ತೇವೆ ಎಂದರು.

ಬರೆಯುವವನು ಅಂದರೆ ನನಗೆ ಖಲಂದರ ಬಿಟ್ಟರೆ ಬೇರೆ ಯಾರು? ಇಪ್ಪತ್ತು ವರ್ಷದ ಗೆಳೆಯ. ನನ್ನ ಟೈಪಿಂಗ್ ಬೋರ್ಡು, ಗೊಬ್ಬರದಂಗಡಿಯ ಬೋರ್ಡು, ಕೂಡ್ಲಿಗಿ ರಸ್ತೆಯ ಗ್ಯಾರೇಜುಗಳ ಬೋರ್ಡು, ಎಲ್ಲ ಅವನ ಕೈಯವೇ. ಆದರೆ ಹೊಸಪೇಟೆಗೆ ಫ್ಲೆಕ್ಸ್ ಮಷಿನ್ ಬಂದಿತ್ತು. ಬೆಳಿಗ್ಗೆ ಹೇಳಿದರೆ ಸಂಜೆಗೆ ಬಸ್ಸಿನ ಮೇಲೆ ಬೋರ್ಡು ಸುತ್ತಿಕೊಂಡು ಬರುತ್ತಿತ್ತು. ಆರು ತಿಂಗಳಿಂದ ಅವನು ಬೋರ್ಡು ಬರೆದಿರಲಿಲ್ಲ. ಫೆಬ್ರವರಿಯ ಪಂಚಾಯಿತಿ ಚುನಾವಣೆಯಲ್ಲಿ ಗೋಡೆ ಬರೆದದ್ದೇ ಕಡೆ. ಅದನ್ನೂ ಚುನಾವಣೆ ಮುಗಿದ ವಾರವೇ ಸುಣ್ಣ ಬಳಿದು ಮುಚ್ಚಿಸಿದ್ದರು.

ಸಿ.ಡಿ.ಯಲ್ಲಿ ಹೆಸರು ಬರುತ್ತದೆ ಎಂದಾಗ ಅವನು ಬೀಡಿ ಆರಿಸಿದ.

“ಅಳಿಸಾಕ ಬರ್ತೈತೇನು ಅದನ್ನ?” ಎಂದು ಪುಷ್ಪಲತಾಳನ್ನು ಕೇಳಿದ.

ಬರುವುದಿಲ್ಲ, ಸಾವಿರ ಜನ ನಕಲು ಮಾಡಿಕೊಂಡಿರುತ್ತಾರೆ, ಎಲ್ಲದರಲ್ಲೂ ಇರುತ್ತದೆ ಎಂದಳು ಅವಳು.

“ಮೂವತ್ತು ವರ್ಷ ಬರದೀನವ್ವಾ. ಮೂರು ಮಳಿಗಾಲ ದಾಟಿದ್ದು ಒಂದೂ ಇಲ್ಲ,” ಎಂದ. ಆಮೇಲೆ ದಿನಾ ಬಂದ. ಬಂದ ಕೂಡಲೇ ಕೇಳುತ್ತಿದ್ದದ್ದು ಒಂದೇ ಮಾತು. ಹೆಸರು ಹೆಂಗ ಹಾಕತಾರ, ಬರೇ ಖಲಂದರ ಅಂತಾನೋ, ಪೇಂಟರ್ ಖಲಂದರ ಅಂತಾನೋ, ಊರೂ ಹಾಕತಾರೋ. ನಾನು ರೇಗಿ, ನಿನ್ನ ತಾತನ ಹೆಸರೂ ಹಾಕತಾರ, ಮೊದಲು ಬರಿ ಎನ್ನುತ್ತಿದ್ದೆ.

ಅವನು ಗ್ರಾಫ್ ಹಾಳೆಯ ಮೇಲೆ ಬರೆದ. ನಲವತ್ತೆಂಟು ಮನೆ ಉದ್ದ, ನಲವತ್ತೆಂಟು ಮನೆ ಅಗಲ. ಅದೇ ಚಿತ್ರ ಮತ್ತೆ ಹದಿನಾರು ಮನೆಯಲ್ಲೂ ಕೂಡಬೇಕು. ಆಳೆತ್ತರದ ಅಕ್ಷರ ಬರೆದ ಕೈ ಮೊದಲ ವಾರ ಒದ್ದಾಡಿತು. ಇಷ್ಟರಾಗ ಆನಿ ಬರದ್ರ ಸೊಳ್ಳಿ ಆಗತೈತಿ ಎಂದು ಪೆನ್ಸಿಲ್ ಎಸೆದ. ಆದರೆ ಬೋರ್ಡು ಬರೆಯುವವನಿಗೆ ಒಂದು ವಿದ್ಯೆ ಇರುತ್ತದೆ. ಸೈಕಲ್ ಮೇಲೆ ಹೋಗುವವನು ಅರ್ಧ ಕತ್ತು ತಿರುಗಿಸಿದರೂ ಅಂಗಡಿ ಯಾತರದು ಎಂದು ತಿಳಿಯಬೇಕು. ಅವನು ಹಾಳೆಯನ್ನು ನನ್ನ ಕೈಗೆ ಕೊಟ್ಟು ಕೆಳಗಿಳಿದು, ರಸ್ತೆ ದಾಟಿ, ಚಹದ ಅಂಗಡಿಯ ಮುಂದೆ ನಿಲ್ಲುತ್ತಿದ್ದ. ನಾನು ಕಿಟಕಿಯಲ್ಲಿ ಹಾಳೆ ಹಿಡಿಯಬೇಕು. ಅವನು ಅಲ್ಲಿಂದ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ತಿಳಿಯಿತೆಂದರೆ ತಲೆಯಾಡಿಸುವನು. ಇಲ್ಲವೆಂದರೆ ಕೈಯಾಡಿಸಿ, ಹರಿದು ಹಾಕು ಎನ್ನುವನು. ಹೀಗೆ ದಿನಕ್ಕೆ ಹತ್ತು ಸಲ. ನಡುವೆ ಬಸ್ಸು ಬಂದು ನಿಂತರೆ ಇಬ್ಬರೂ ಕಾಯುತ್ತಿದ್ದೆವು. ಪೂರ್ತಿ ಕಪ್ಪು ಬಳಿದರೂ ಇದು ಇಂಥದ್ದೇ ಎಂದು ತಿಳಿಯಬೇಕು ಎನ್ನುವುದು ಅವನ ಕಾಯಿದೆ. ಮೇಲ್ ಗುಂಪಿನ ದೊಡ್ಡ ಓದಿನವರು ಉದ್ದುದ್ದ ಬರೆಯುತ್ತಿದ್ದದ್ದೂ ಅದನ್ನೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ಚಿತ್ರಗಳನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಎಂದು ಗುಂಪಿನಲ್ಲಿ ಎರಡು ತಿಂಗಳು ಜಗಳ ನಡೆದಿತ್ತು. ಪುಷ್ಪಲತಾ ‘ಚಿಹ್ನೆ’ ಎಂದಳು. ನಮ್ಮ ಕಡೆ ಯಾವ ಹೆಂಗಸಿನ ಬಾಯಲ್ಲಿ ಚಿಹ್ನೆ ಬರುತ್ತದೆ, ‘ಗುರುತು’ ಎನ್ನಿ ಎಂದು ನಾನು ಹಟ ಹಿಡಿದು ಬರೆಸಿದೆ. ಗೆದ್ದೆ. ಖಲಂದರನಿಗೂ ಅದನ್ನೇ ಹೇಳಿದೆ. ಇಪ್ಪತ್ನಾಲ್ಕು ಗುರುತು ಬರಕೊಡು, ಓದಾಕ ಬರಲಾರದವರೂ ನೋಡಿದ ಕೂಡಲೇ ಒತ್ತಬೇಕು, ಅಂಥವು.

ಮೂವತ್ತು ವರ್ಷದಿಂದ ಗೋಡೆ ಬರೆದವನಿಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿತ್ತೆ? ಗುರುತು, ಓದಲು ಬಾರದವರು, ಒತ್ತುವುದು. ಅವನು ಮನೆಗೆ ಹೋಗಿ ಚುನಾವಣೆಯ ಗೋಡೆಗೆ ಬಳಸುವ ತಗಡಿನ ಅಚ್ಚುಗಳನ್ನು ಹೊರಗೆ ತೆಗೆದಿದ್ದ. ಬೀರು, ಛತ್ರಿ, ಏಣಿ, ಕತ್ತರಿ, ಕನ್ನಡಕ, ತಕ್ಕಡಿ, ಹೊಲಿಗೆ ಯಂತ್ರ. ಕಡತ ಇಡಲು ಬೀರು ಎಂದ, ಹೌದೆಂದೆ. ಹುಡುಕಲು ಕನ್ನಡಕ ಎಂದ, ಭೇಷ್ ಎಂದೆ. ಕೆಲಸ ಇಲ್ಲದಾಗ ಪರದೆಯನ್ನು ಮುಚ್ಚಿ ಕಾಯಲು ಛತ್ರಿ ಎಂದಾಗಲಂತೂ ಬೆನ್ನು ತಟ್ಟಿದೆ.

ಮೊದಲ ಪರೀಕ್ಷೆ ನಮ್ಮ ಕೋಣೆಯಲ್ಲೇ. ತಂಬ್ರಹಳ್ಳಿಯಿಂದ ಹನ್ನೆರಡು ಹೆಂಗಸರು ಬಂದಿದ್ದರು. ಒಂದೊಂದೇ ಚಿತ್ರ ತೋರಿಸಿ, ಇದರ ಗುರುತು ಹತ್ತಿತೇನು ಎಂದು ನಾನೇ ಕೇಳಿದೆ. ಹತ್ತಿತು ಎಂದರು. ಇಪ್ಪತ್ನಾಲ್ಕರಲ್ಲಿ ಇಪ್ಪತ್ತೊಂದು. ಖಲಂದರ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ. ಅವತ್ತು ಗುಂಪಿಗೆ ಬರೆದೆವು, ಅವರಿಂದಲೂ ಒಳ್ಳೆಯ ಉತ್ತರ ಬಂತು. ಇನ್ನೊಂದು ಊರಲ್ಲಿ ಒಮ್ಮೆ ನೋಡಿ ಕಳಿಸಿಬಿಡಿ ಎಂದರು. ಕೋಗಳಿ ಎಂದು ನಾನೇ ಆರಿಸಿದೆ.

ಕೋಗಳಿಗೆ, ಖಲಂದರನ ಚಿತ್ರಗಳನ್ನು ಇಳಿಸಿದ ಕಂಪ್ಯೂಟರನ್ನು ಟೆಂಪೋದಲ್ಲಿ ಹಳೆಯ ರಗ್ಗು ಸುತ್ತಿ ಒಯ್ದೆವು. ಪುಷ್ಪಲತಾ ಅದನ್ನು ಕೂಸಿನ ಹಾಗೆ ತೊಡೆಗೆ ಆನಿಸಿಕೊಂಡು ಕೂತಿದ್ದಳು. ಶಾಲೆಯ ಕೋಣೆಯಲ್ಲಿ ಹೂಡಿದೆವು. ಮೊದಲು ಬಂದವಳು ಗಾಳೆಮ್ಮ, ಶಾಲೆಯ ಮಕ್ಕಳಿಗೆ ಬಿಸಿಯೂಟ ಬೇಯಿಸುವವಳು. ಗಟ್ಟಿ ಹೆಂಗಸು, ಮೌಸ್ ಹಿಡಿಯಲು ಒಂದೇ ನಿಮಿಷದಲ್ಲಿ ಕಲಿತಳು. ಬೀರು ಒತ್ತು ಎಂದೆ. ಒತ್ತಲಿಲ್ಲ. ಗುರುತು ಸಿಗಲಿಲ್ಲವೇನು ಎಂದೆ. ಸಿಕ್ಕೈತಿ, ಒತ್ತಂಗಿಲ್ಲ ಎಂದಳು. ಬಾಣವನ್ನು ಸಾವಕಾಶ ಎಳೆದುಕೊಂಡು ಹೋಗಿ ಛತ್ರಿಯ ಮೇಲೆ ಇಟ್ಟಳು, ಒಂದು ಸಲ ಒತ್ತಿದಳು, ಕೈ ತೆಗೆದಳು. ಆಮೇಲೆ ಎಡಗೈಯ ತೋರುಬೆರಳನ್ನು ಪುಷ್ಪಲತಾಳ ಮುಂದೆ ಚಾಚಿದಳು. ಹಿಂದಿನ ತಿಂಗಳು ವೋಟು ಹಾಕಿದಾಗಿನ ಮಸಿ ಉಗುರಿನಲ್ಲಿ ಇನ್ನೂ ಇತ್ತು.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಎರಡು ಸಲ ಒತ್ತಬೇಕವ್ವಾ, ಆಗ ತೆರೀತೈತಿ ಎಂದು ಪುಷ್ಪಲತಾ ಹೇಳಿದಳು.

“ಎರಡು ಸಲ ಒತ್ತಿದ್ರ ವೋಟು ಕೆಡತೈತಬೇ. ನಾವೇನು ಹೊಸಬರೇನು?” ಎಂದಳು ಗಾಳೆಮ್ಮ.

ನಾನು ಕೇಳುವ ಮಾತನ್ನೇ ಬದಲಿಸಿದೆ. ಗುರುತು ಹತ್ತಿತೇನು ಎನ್ನುವುದನ್ನು ಬಿಟ್ಟು, ಇದು ಯಾತಕ್ಕ ಐತಿ ಎಂದು ಕೇಳಿದೆ. ಬೀರು ಗುರುಸಂಗಪ್ಪಂದು ಎಂದರು. ಏಣಿ ಮೈಲಾರಲಿಂಗಪ್ಪಂದು, ಆರು ವೋಟಿನಿಂದ ಬಿದ್ದ ಎಂದರು. ಛತ್ರಿ ಗಾಳೆಮ್ಮನ ಮೈದುನಂದು. ಕತ್ತರಿಗೆ ಈ ಸಲ ನಿಂತವರಿಲ್ಲ ಎಂದರು. ಯಾತಕ್ಕೆ ಎನ್ನುವುದನ್ನು ಒಬ್ಬರೂ ಹೇಳಲಿಲ್ಲ. ತಂಬ್ರಹಳ್ಳಿಯವರಿಗೆ ಹತ್ತಿದ ಗುರುತೂ ಇದೇ ಎಂದು ಆಗ ತಿಳಿಯಿತು. ಅವರು ಖಲಂದರ ಬರೆದ ಗೋಡೆಗಳ ನಡುವೆಯೇ ಒಂದು ತಿಂಗಳು ಓಡಾಡಿದ್ದರು.

ಒಂದು ಚಿತ್ರ ಮಾತ್ರ ಬೇರೆ. ಎಸೆಯುವ ಬುಟ್ಟಿಯ ಜಾಗಕ್ಕೆ ಅವನು ಬರೆದದ್ದು ತಿಪ್ಪೆ. ಇಳಿಜಾರು ಗುಡ್ಡೆ, ಮೇಲೆ ಓರೆಯಾಗಿ ಒಂದು ಹೆಡಿಗೆ ಬುಟ್ಟಿ. ಅದಕ್ಕೆ ತಗಡಿನ ಅಚ್ಚು ಇರಲಿಲ್ಲ. ತಿಪ್ಪೆ ಗುರುತಿನ ಮೇಲೆ ಯಾವ ಮಗ ಚುನಾವಣೆಗೆ ನಿಲ್ಲುತ್ತಾನೆ? ಹದಿನೇಳು ಸಲ ತಿದ್ದಿ ಬರೆದಿದ್ದ, ಆದರೂ ನಾಚಿಕೆಪಟ್ಟುಕೊಂಡು ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದ. ಗಾಳೆಮ್ಮ ಅದನ್ನು ನೋಡಿ ಯಾರ ಹೆಸರೂ ಹೇಳಲಿಲ್ಲ.

“ಇಲ್ಲಿ ಬ್ಯಾಡಾದ್ದು ಹಾಕೋದು. ಹಾಕಿದ್ರ ಏನು ಹೋಗಂಗಿಲ್ಲ ಬಿಡು, ಬೇಕಂದ್ರ ಕೆದರಿ ತಗಿಬೌದು. ನಮ್ಮ ಸೊಸಿ ಮೂಗುತಿ ಹಂಗ ಸಿಕ್ಕಿದ್ದು,” ಎಂದಳು.

ಕಂಪ್ಯೂಟರಿನಲ್ಲಿ ಆ ಬುಟ್ಟಿಯ ಕೆಲಸ ಅದೇ. ಹಾಕಿದ್ದು ಹೋಗುವುದಿಲ್ಲ, ಬೇಕೆಂದರೆ ವಾಪಸು ತೆಗೆಯಬಹುದು. ಇದನ್ನು ವಿವರಿಸಲು ಪುಷ್ಪಲತಾ ಒಂದೊಂದು ತರಗತಿಗೂ ಅರ್ಧ ತಾಸು ತೆಗೆದುಕೊಳ್ಳುತ್ತಿದ್ದಳು. ಟೆಂಪೋದಲ್ಲಿ ಬರುವಾಗ ಅವಳು, ಮಾಮ, ತಿಪ್ಪಿ ಮಾತ ಮೊದಲು ಹೇಳು, ಬೈಯೋದು ಆಮ್ಯಾಲ ಇರಲಿ ಎಂದಳು. ಹೂಂ ಎಂದೆ. ಆದರೆ ಇಪ್ಪತ್ತೊಂದು ಎಂದು ಎಲ್ಲರಿಗೂ ಬರೆದವನು ನಾನು. ಕೋಣೆಗೆ ಬಂದವನೇ ಫೋನಿನ ತಂತಿ ಜೋಡಿಸಿ, ಅವಳು ಬೇಡವೆಂದರೂ ನಾನೇ ನಿಂತುಕೊಂಡೇ ಕುಟ್ಟಿ ಗುಂಪಿಗೆ ಎರಡು ಸಾಲು ಕಳಿಸಿದೆ. ಚಿತ್ರಗಳು ತಪ್ಪಾಗಿವೆ. ಇಪ್ಪತ್ನಾಲ್ಕನ್ನೂ ಕೈಬಿಡಿ.

ಅಷ್ಟರಲ್ಲಿ ಖಲಂದರ ಬಂದ. ಹೊಸ ಅಂಗಿ ತೊಟ್ಟಿದ್ದ. ಕೈಯಲ್ಲಿ ಒಂದು ಚೀಟಿ ಇತ್ತು. ಕೋಗಳ್ಯಾಗ ಎಷ್ಟು ಹತ್ತಿದವು ಎಂದು ಕೇಳುತ್ತಲೇ ಮೆಟ್ಟಿಲು ಹತ್ತಿದ. ಅದಕ್ಕೆ ನಾನು ಕೊಟ್ಟ ಉತ್ತರವೇ ಶುರುವಿನಲ್ಲಿ ಹೇಳಿದ ಬೀರುವಿನ ಮಾತು.

ಅವನು ನನ್ನ ಮಾತನ್ನು ಪೂರ್ತಿ ಕೇಳಿದ. ಗಾಳೆಮ್ಮ ಬೆರಳು ಚಾಚಿದ್ದನ್ನು ಹೇಳಿದಾಗ ಅವನಿಗೂ ನಗು ಬಂತು. ನನ್ನ ಮುಖ ನೋಡಿ ನುಂಗಿದ.

“ಗುರುತು ಬರಿ ಅಂದಾಂವ ಯಾರು? ನೀನ ಅಂದಿ. ಓದಾಕ ಬರಲಾರದವರು ಒತ್ತಬೇಕು ಅಂದಿ. ಈ ಸೀಮ್ಯಾಗ ಗುರುತು ಅಂದ್ರ ಇನ್ನೇನು ಐತಲೇ ಹಾಲೇಶಿ?”

ಮಾತು ನಿಜ. ಆದ್ದರಿಂದಲೇ ನನಗೆ ಇನ್ನಷ್ಟು ಸಿಟ್ಟು ಬಂತು. ಯೋಚನೆ ಮಾಡುವುದು ಬರೆಯುವವನ ಕೆಲಸ ಎಂದೆ. ಅವನು, ಕತ್ತರಿ ಆ ಇಂಗ್ಲಿಷಿನವರ ಚಿತ್ರದಾಗೂ ಐತಿ, ಅದನ್ನ್ಯಾಕ ತಪ್ಪಂತಿ ಎಂದು ಕೇಳಿದ. ಚುನಾವಣೆ ಬಿಸಿ ಆರಲಿ, ಆರು ತಿಂಗಳು ಬಿಟ್ಟು ಅದೇ ಹೆಂಗಸರಿಗೆ ತೋರಿಸಿದರೆ ಬೀರು ಬೀರುವೇ ಆಗುತ್ತದೆ ಎಂದ. ಐದು ವರ್ಷಕ್ಕೊಮ್ಮೆ ಮತ್ತೆ ಗುರುಸಂಗಪ್ಪ ಆಗುತ್ತದೆ ಎಂದೆ. ಪುಷ್ಪಲತಾ ನಡುವೆ, ಮಾಮ, ಇನ್ನೊಂದು ಹೇಳೋದಿತ್ತಲ್ಲ ಎಂದಳು. ಸುಮ್ಮನಿರು ಎಂದು ಅವಳನ್ನೂ ಗದರಿದೆ. ತಿಪ್ಪೆಯ ಹಾಳೆ ಅವಳ ಕೈಯಲ್ಲೇ ಇತ್ತು. ಹೇಳುವುದಿತ್ತು. ಅವನು ತಪ್ಪು ಒಪ್ಪಿಕೊಳ್ಳಲಿ, ಆಮೇಲೆ ಹೇಳಿದರಾಯಿತು ಎಂದು ಹಿಡಿದಿಟ್ಟಿದ್ದೆ.

ಖಲಂದರ ಒಂದೊಂದೇ ಹಾಳೆ ಜೋಡಿಸುತ್ತಿದ್ದ. ಇನ್ನೂ ಒಂದು ದಿನ ಐತಿ, ಕೂತು ಬ್ಯಾರೆ ಬರೀತೀನಿ ಎಂದ. ಅಲ್ಲಿಗೆ ಮುಗಿಸಿದ್ದರೆ ಆಗುತ್ತಿತ್ತು.

“ನೀ ಬರದದ್ದು ಎಲ್ಲೈತಿ?” ಎಂದೆ. “ತಗಡು ಇಟ್ಟಿ, ಬಣ್ಣ ಬಡದಿ. ಇಷ್ಟು ಫ್ಲೆಕ್ಸ್ ಮಷಿನ್ನೂ ಮಾಡತೈತಿ.”

ಅವನ ಕೈ ನಿಂತಿತು. ಫ್ಯಾನು ಕಟಕಟ ಎನ್ನುತ್ತಿತ್ತು. ಕೆಳಗೆ ಯಾರೋ ಹಡಗಲಿ ಬಸ್ಸು ಯಾವಾಗ ಎಂದು ಕೂಗಿ ಕೇಳಿದರು.

“ಹೆಸರು?” ಎಂದ ಖಲಂದರ.

“ಎಲ್ಲಾ ತಗೀರಿ ಅಂತ ಬರದಾಗೈತಿ. ಚಿತ್ರನ ಇಲ್ಲಂದ್ರ ಯಾತರ ಹೆಸರು?”

ಅವನು ಕೈಯಲ್ಲಿದ್ದ ಚೀಟಿಯನ್ನು ಮೇಜಿನ ಮೇಲೆ ಇಟ್ಟ. ಗಾಳಿಗೆ ಹಾರದ ಹಾಗೆ ಅದರ ಮೇಲೆ ನನ್ನ ಪೆನ್ನು ಇಟ್ಟ. ಹಾಳೆಗಳನ್ನು ಮುಟ್ಟಲಿಲ್ಲ. ಬಾಗಿಲ ಹೊರಗೆ ಚಪ್ಪಲಿ ಮೆಟ್ಟಿಕೊಂಡು ಇಳಿದ. ಹದಿನಾಲ್ಕು ಮೆಟ್ಟಿಲು, ಹದಿನಾಲ್ಕೂ ಕೇಳಿಸಿದವು.

ಪುಷ್ಪಲತಾ ಆ ಚೀಟಿ ತೆಗೆದು ನೋಡಿದಳು. ಬೋರ್ಡಿನ ಅಕ್ಷರದಲ್ಲಿ, ನೆರಳು ಕೊಟ್ಟು ಬರೆದಿದ್ದ. ಪೇಂಟರ್ ಖಲಂದರ, ಹಗರಿಬೊಮ್ಮನಹಳ್ಳಿ. ಅವಳು ನನ್ನ ಕಡೆ ನೋಡದೆ ಕಂಪ್ಯೂಟರ್ ಮುಂದೆ ಕೂತಳು. ಗಾಳೆಮ್ಮ ಹೇಳಿದ ಮಾತನ್ನು ಇದ್ದ ಹಾಗೇ ಬರೆದು, ಒಂದು ಚಿತ್ರ ಉಳಿಸಿಕೊಳ್ಳಿ, ಹೆಸರು ಹೀಗೆ ಹಾಕಿ ಎಂದು ಕುಟ್ಟತೊಡಗಿದಳು.

ನಾನು ಬಾಗಿಲವರೆಗೆ ಹೋದೆ. ಅಲ್ಲಿಂದ ಕಿಟಕಿಗೆ ಬಂದೆ. ಮತ್ತೆ ಬಾಗಿಲಿಗೆ ಹೋದೆ. ಕೂಗಿದ್ದರೆ ಕೇಳಿಸುತ್ತಿತ್ತು. ನನ್ನ ಬಾಯಿ ಬೈಯಲು ಬರುವಷ್ಟು ಬೇಗ ಬೇರೆ ಮಾತಿಗೆ ಬರುವುದಿಲ್ಲ. ತಿಪ್ಪೆಯ ಹಾಳೆ ತೆಗೆದುಕೊಂಡು ಕಿಟಕಿಯಲ್ಲಿ ಹಿಡಿದು ನಿಂತೆ. ಅವನು ರಸ್ತೆ ದಾಟಿ ಚಹದ ಅಂಗಡಿಯ ಮುಂದೆ, ದಿನಾ ನಿಲ್ಲುತ್ತಿದ್ದ ಜಾಗಕ್ಕೆ ಹೋಗಿದ್ದ. ಈಗ ತಿರುಗುತ್ತಾನೆ ಎಂದುಕೊಂಡೆ. ಬೆನ್ನು ಹಾಗೇ ಇತ್ತು. ಹೊಸ ಅಂಗಿಯ ಮಡಿಕೆ ಗೆರೆ ಇಲ್ಲಿಂದಲೂ ಕಾಣುತ್ತಿತ್ತು. ನಡುವೆ ಹರಪನಹಳ್ಳಿಯ ಬಸ್ಸು ಬಂದು ನಿಂತಿತು. ಹಾಳೆ ಹಿಡಿದುಕೊಂಡೇ ಕಾದೆ. ಬಸ್ಸು ಹೋದ ಮೇಲೆ ಚಹದ ಅಂಗಡಿಯ ಮುಂದೆ ಎರಡು ಖಾಲಿ ಸ್ಟೂಲು ಮಾತ್ರ ಇದ್ದವು.

ವಾರ ಬಿಟ್ಟು ಅವನ ಮನೆಗೆ ಹೋದೆ. ಅವನ ಹೆಂಡತಿ ಜುಬೇದಾ ಬೀ, ದಾವಣಗೆರಿ ಕಡೆ ಲಾರಿಗೆ ಬಣ್ಣ ಹೊಡಿಯಾಕ ಹೋಗ್ಯಾರ್ರಿ, ಯಾವಾಗ ಬರ್ತಾರೋ ಹೇಳಿಲ್ರಿ ಎಂದಳು. ಶ್ರಾವಣದಲ್ಲಿ ಸಿ.ಡಿ. ಬಂತು. ತಿಪ್ಪೆ ಇತ್ತು. ಕೆಳಗೆ ಅವನು ಬರೆದುಕೊಟ್ಟ ಹಾಗೇ ಹೆಸರೂ ಇತ್ತು. ಒಂದು ಪ್ರತಿ ತೆಗೆದು ಅವನಿಗೆಂದು ಮೇಜಿನ ಖಾನೆಯಲ್ಲಿ ಇಟ್ಟೆ. ಜುಬೇದಾ ಬೀಗೂ ಹೇಳಿ ಬಂದೆ.

ಖಲಂದರ ಆ ಮೆಟ್ಟಿಲು ಮತ್ತೆ ಹತ್ತಲಿಲ್ಲ.